ಬಲಗುಂದಿದ ಎಂಜಿನ್ನು

ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವ ಲಾರಿಗೆ ತನ್ನ ಎಂಜಿನ್ನಿನ ಪೂರ್ಣ ಶಕ್ತಿ ಬೇಕಾಗುವುದಿಲ್ಲ. ಆದಕಾರಣ ಎಂಜಿನ್ನಿನ ಬಲ ಕುಂದಿದ್ದರೂ ಅಲ್ಲಿ ಅದು ಬಯಲಾಗದೆ ಉಳಿಯಬಹುದು. ನಿಜವಾದ ಪರೀಕ್ಷೆ ನಡೆಯುವುದು ಏರುದಾರಿಯಲ್ಲಿ. ಮಂಗಳೂರಿನಿಂದ ಶಿರಾಡಿ ಘಟ್ಟದ ಮಾರ್ಗವಾಗಿ ಬೆಂಗಳೂರಿಗೆ ಸರಕು ಸಾಗಿಸುವ ಲಾರಿ, ಕಡಲ ಮಟ್ಟದಿಂದ ಹೊರಟು ಸಕಲೇಶಪುರವನ್ನು ಸೇರುವಷ್ಟರಲ್ಲಿ ಸುಮಾರು ೯೦೦ ಮೀಟರ್ ಮೇಲೇರಿರುತ್ತದೆ. ಸರಕೂ ಸೇರಿ ೧೬ ಟನ್ ತೂಗುವ ವಾಹನವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಗುರುತ್ವಾಕರ್ಷಣೆಯ ವಿರುದ್ಧವಾಗಿಯೇ ಸುಮಾರು ೧೪ ಕೋಟಿ ಜೂಲ್‌ಗಳಷ್ಟು ಕೆಲಸ ನಡೆಯಬೇಕು. ಗಾಳಿಯ ತಡೆ, ರಸ್ತೆಯ ಘರ್ಷಣೆ ಇವು ಬೇರೆ. ಇಷ್ಟನ್ನೂ ನಿರ್ವಹಿಸಬೇಕಾದ ಎಂಜಿನ್ನು ನಡುದಾರಿಯ ತಿರುವಿನಲ್ಲಿ ಸೋತು ನಿಂತರೆ ಅದರ ಹಿಂದೆ ವಾಹನಗಳ ಸಾಲು ಮೈಲುಗಟ್ಟಲೆ ಬೆಳೆಯುತ್ತದೆ. ರೋಗಿಗಳನ್ನು ಹೊತ್ತ ವಾಹನಗಳೂ ಆ ಸಾಲಿನಲ್ಲಿ ಸಿಕ್ಕಿಬೀಳುತ್ತವೆ. ಲಾರಿ ಹಿಮ್ಮುಖವಾಗಿ ಜಾರಿದರಂತೂ ಪ್ರಾಣಾಪಾಯವೇ ಉಂಟು.

ಈ ತೊಂದರೆಯನ್ನು ಚಾಲಕರು ತಮ್ಮ ಮಾತಿನಲ್ಲಿ “ಗಾಡಿ ಎಳೆಯುತ್ತಿಲ್ಲ” ಎನ್ನುತ್ತಾರೆ. ಜ್ವರವೆಂಬುದು ಹೇಗೆ ಹಲವು ರೋಗಗಳ ಒಂದೇ ಲಕ್ಷಣವೋ, ಎಳೆಯದಿರುವುದೂ ಹಾಗೆಯೇ ಹಲವು ದೋಷಗಳ ಒಂದೇ ಲಕ್ಷಣ. ದೋಷ ಮುಚ್ಚಳದ ಸಣ್ಣ ರಂಧ್ರದಲ್ಲಿರಬಹುದು. ಸವೆದ ಪಿಸ್ಟನ್ನಿನಲ್ಲಿಯೂ ಇರಬಹುದು. ಮೊದಲನೆಯದು ಒಂದು ಸೂಜಿಯಿಂದ ಪರಿಹಾರವಾಗುತ್ತದೆ. ಎರಡನೆಯದಕ್ಕೆ ಎಂಜಿನ್ನನ್ನು ಕೆಳಗಿಳಿಸಿ ಬಿಚ್ಚಬೇಕು. ವಾಹನ ದಿನಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಬೇಕು. ಸಾಲ ಮಾಡಿ ಕೊಂಡ ಒಂದೇ ಲಾರಿಯಿಂದ ಸಂಸಾರ ಸಾಗಿಸುವವನಿಗೆ ಈ ಎರಡರ ನಡುವಣ ವ್ಯತ್ಯಾಸ ಸಾಮಾನ್ಯವಾದುದಲ್ಲ. ಕಾರಣವನ್ನು ಅರಿಯದೆ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋಗುವ ಪದ್ಧತಿ ಅಲ್ಲಲ್ಲಿ ಉಂಟು. ಅದನ್ನು ದುರಸ್ತಿಯೆಂದು ಕರೆಯುವುದಕ್ಕಿಂತ ಜೂಜೆಂದು ಕರೆಯುವುದು ಮೇಲು.

ದೋಷವನ್ನು ಹುಡುಕುವ ಮೊದಲು ಎಂಜಿನ್ನಿಗೆ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದುಮಿದ ಗಾಳಿ ಕಾಯುತ್ತದೆ. ಪ್ಯಾರಿಸ್ಸಿನಲ್ಲಿ ಜನಿಸಿದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ (೧೮೫೮–೧೯೧೩) ಈ ತತ್ತ್ವವನ್ನೇ ಹಿಡಿದು, ಕಿಡಿಯ ಸಹಾಯವಿಲ್ಲದೆ ಗಾಳಿಯ ಕಾವಿನಿಂದಲೇ ಇಂಧನವನ್ನು ಹೊತ್ತಿಸುವ ಯಂತ್ರವನ್ನು ಕಲ್ಪಿಸಿದನು. ೧೮೯೩ರಲ್ಲಿ ಅವನಿಗೆ ಸ್ವಾಮ್ಯಪತ್ರ ದೊರೆಯಿತು. ಅದೇ ವರ್ಷ ಆಗ್ಸ್‌ಬರ್ಗ್ ನಗರದಲ್ಲಿ ನಡೆದ ಮೊದಲ ಪ್ರಯೋಗದಲ್ಲಿ ಯಂತ್ರ ತನ್ನ ಬಲದಿಂದ ಓಡಲಿಲ್ಲ. ನಾಲ್ಕು ವರ್ಷಗಳ ಪರಿಶ್ರಮದ ಬಳಿಕ, ೧೮೯೭ರಲ್ಲಿ, ಇಂಧನದ ಶಕ್ತಿಯಲ್ಲಿ ನೂರಕ್ಕೆ ಸುಮಾರು ೨೬ ಭಾಗವನ್ನು ಕೆಲಸವಾಗಿ ಪರಿವರ್ತಿಸುವ ಎಂಜಿನ್ನು ಸಿದ್ಧವಾಯಿತು. ಅಂದಿನ ಸಾಮಾನ್ಯ ಉಗಿಯಂತ್ರಗಳು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದವು. ಆದರೂ ಆ ಯಂತ್ರ ಬಹಳ ಭಾರವಾದುದು. ಲಾರಿಗೆ ತಕ್ಕ ರೂಪವನ್ನು ತಾಳಲು ಅದಕ್ಕೆ ಕಾಲ ಹಿಡಿಯಿತು. ರಾಬರ್ಟ್ ಬಾಷ್‌ನ ಕಾರ್ಖಾನೆ ೧೯೨೭ರಲ್ಲಿ ಇಂಧನದ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಗಳ ದಾರಿ ಸುಗಮವಾಯಿತು.

ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಅದರ ಮೂಲ ಗಾತ್ರದ ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಅದುಮುತ್ತದೆ. ಆಗ ಗಾಳಿಯ ಉಷ್ಣತೆ ೫೦೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಕಾದ ಗಾಳಿಗೆ ನಾಜಲ್ಲಿನ ಸೂಕ್ಷ್ಮ ರಂಧ್ರಗಳಿಂದ ಡೀಸೆಲ್ಲು ಮಂಜಿನಂತೆ ಚಿಮ್ಮಿ, ತಾನಾಗಿಯೇ ಹೊತ್ತಿಕೊಂಡು, ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಸಾಕಷ್ಟು ಗಾಳಿ, ಸಾಕಷ್ಟು ಇಂಧನ, ಸೋರಿಕೆಯಿಲ್ಲದ ಅದುಮಿಕೆ ಮತ್ತು ಇಂಧನ ಚಿಮ್ಮುವ ಸರಿಯಾದ ಕ್ಷಣ ಇವಿಷ್ಟೂ ಕೂಡಿಬಂದಾಗ ಮಾತ್ರ ಎಂಜಿನ್ನು ಪೂರ್ಣ ಬಲವನ್ನು ಕೊಡುತ್ತದೆ. ಉರಿದ ಹೊಗೆ ಸರಾಗವಾಗಿ ಹೊರಗೆ ಹೋಗಲೂ ಬೇಕು. ಇಲ್ಲವಾದರೆ ಹೊಸ ಗಾಳಿಗೆ ಎಡೆಯೆಲ್ಲಿ?

ಇವುಗಳಲ್ಲಿ ಗಾಳಿಯ ಪ್ರಮಾಣವನ್ನು ಜನ ಸಾಮಾನ್ಯವಾಗಿ ಊಹಿಸಲಾರರು. ಒಂದು ಕಿಲೋಗ್ರಾಂ ಡೀಸೆಲ್ಲು ಪೂರ್ಣವಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಡೀಸೆಲ್ಲಿಗೆ ಹತ್ತು ಸಾವಿರ ಲೀಟರುಗಳಷ್ಟು ಗಾಳಿಯಾಗುತ್ತದೆ. ವಾಸ್ತವದಲ್ಲಿ ಇನ್ನೂ ಹೆಚ್ಚು ಬೇಕು. ಚಾಲಕನು ಆಕ್ಸಿಲರೇಟರನ್ನು ತುಳಿದಾಗ ಡೀಸೆಲ್ ಎಂಜಿನ್ನಿನಲ್ಲಿ ಹೆಚ್ಚುವುದು ಇಂಧನ. ಗಾಳಿಯನ್ನು ಎಂಜಿನ್ನು ತನ್ನಿಂದಾದಷ್ಟು ಸೇದಿಕೊಳ್ಳುತ್ತಲೇ ಇರುತ್ತದೆ. ಗಾಳಿಯ ದಾರಿಗೆ ಅಡ್ಡಿಯಾದರೆ ಇಂಧನ ಬರುತ್ತಲೇ ಇದ್ದು, ಅರೆಬೆಂದ ಸೌದೆಯಂತೆ ಉರಿದು, ಕಪ್ಪು ಹೊಗೆಯಾಗಿ ಹೊರಬೀಳುತ್ತದೆ.

ಅನುಭವಿಯಾದ ಮೆಕ್ಯಾನಿಕ್ಕನು ಸ್ಪಾನರನ್ನು ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆಗಳನ್ನು ಕೇಳುತ್ತಾನೆ. ಬಲ ಒಮ್ಮೆಲೇ ಕುಂದಿತೇ, ತಿಂಗಳುಗಳಿಂದ ಮೆಲ್ಲಮೆಲ್ಲನೆ ಕುಂದುತ್ತ ಬಂದಿತೇ? ಎಂಜಿನ್ನು ತಣ್ಣಗಿರುವಾಗಲೋ ಕಾದ ಮೇಲೋ? ಇತ್ತೀಚೆಗೆ ಯಾವ ದುರಸ್ತಿ ನಡೆದಿತ್ತು? ಡೀಸೆಲ್ಲನ್ನು ಎಲ್ಲಿ ತುಂಬಿಸಲಾಯಿತು? ಕ್ರಮೇಣ ಬಂದ ದೋಷ ಸಾಮಾನ್ಯವಾಗಿ ಕಟ್ಟಿಕೊಂಡ ಫಿಲ್ಟರನ್ನೋ ಸವೆತವನ್ನೋ ಸೂಚಿಸುತ್ತದೆ. ನಿನ್ನೆ ಸರಿಯಿದ್ದು ಇಂದು ಕೆಟ್ಟಿದ್ದರೆ ಹರಿದ ರಬ್ಬರು ಕೊಳವೆ, ಕಳಚಿದ ಜೋಡಣೆ, ನೀರು ಸೇರಿದ ಇಂಧನ ಮುಂತಾದವುಗಳ ಕಡೆಗೆ ಸಂಶಯ ತಿರುಗುತ್ತದೆ.

ಇನ್ನೊಂದು ಮಾತಿದೆ. ದೋಷ ಎಂಜಿನ್ನಿನದೇ ಎಂಬುದು ಮೊದಲು ಖಚಿತವಾಗಬೇಕು. ಬ್ರೇಕು ಪೂರ್ಣವಾಗಿ ಬಿಡದೆ ಚಕ್ರವನ್ನು ಹಿಡಿದುಕೊಂಡಿದ್ದರೆ ಎಷ್ಟೇ ಬಲವುಳ್ಳ ಎಂಜಿನ್ನಾದರೂ ಏದುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳ ಬಳಿ ಒಂದೊಂದಾಗಿ ಕೈಯೊಡ್ಡಿ ನೋಡಿದರೆ ಯಾವುದು ಉಳಿದವುಗಳಿಗಿಂತ ಹೆಚ್ಚು ಕಾದಿದೆಯೆಂಬುದು ತಿಳಿಯುತ್ತದೆ; ಮುಟ್ಟಬಾರದು, ಚರ್ಮ ಸುಟ್ಟೀತು. ಎಂಜಿನ್ನು ಅಬ್ಬರಿಸಿ ತಿರುಗುತ್ತಿದ್ದರೂ ಲಾರಿಯ ವೇಗ ಏರದಿದ್ದರೆ ಅದು ಕ್ಲಚ್ಚು ಜಾರುತ್ತಿರುವುದರ ಗುರುತು. ಟಯರಿನಲ್ಲಿ ಗಾಳಿ ಸಾಲದಿರುವುದು, ಮಿತಿಮೀರಿ ಸರಕು ಹೇರಿರುವುದು ಇವೂ ಎಂಜಿನ್ನಿನ ಮೇಲೆ ಅಪವಾದ ಹೊರಿಸುತ್ತವೆ. ಆಕ್ಸಿಲರೇಟರಿನ ಪೆಡಲನ್ನು ಕೊನೆಯವರೆಗೆ ತುಳಿದಾಗ ಪಂಪಿನ ಸನ್ನೆ ನಿಜಕ್ಕೂ ಕೊನೆಯವರೆಗೆ ಸರಿಯುತ್ತದೆಯೇ ಎಂಬುದನ್ನು ಹಳೆಯ ಲಾರಿಗಳಲ್ಲಿ ನೋಡಲೇಬೇಕು. ಒಬ್ಬನು ತುಳಿದು ಇನ್ನೊಬ್ಬನು ನೋಡಿದರೆ ಅರ್ಧ ನಿಮಿಷದ ಕೆಲಸ. ಸಡಿಲವಾದ ಒಂದು ಸಲಾಕೆಯ ದೆಸೆಯಿಂದ ಪಂಪು ಬಿಚ್ಚಿಸಿಕೊಂಡ ಲಾರಿಗಳುಂಟು.

ಆ ಬಳಿಕ ಹೊಗೆಯ ಪರೀಕ್ಷೆ. ವೈದ್ಯನಿಗೆ ನಾಲಗೆ ಹೇಗೋ ಮೆಕ್ಯಾನಿಕ್ಕನಿಗೆ ಹೊಗೆಕೊಳವೆಯ ಬಾಯಿ ಹಾಗೆ. ಕಪ್ಪು ಹೊಗೆ, ಇಂಧನಕ್ಕೆ ತಕ್ಕಷ್ಟು ಗಾಳಿ ಇಲ್ಲವೆಂದೋ ನಾಜಲ್ಲು ಇಂಧನವನ್ನು ಸರಿಯಾಗಿ ಸಿಡಿಸದೆ ತೊಟ್ಟಿಕ್ಕಿಸುತ್ತಿದೆಯೆಂದೋ ಹೇಳುತ್ತದೆ. ನೀಲಿ ಛಾಯೆಯ ಹೊಗೆ ಬಂದರೆ ಎಂಜಿನ್ನಿನ ಆಯಿಲ್ಲು ಉರಿಯುವ ಕೋಣೆಗೆ ನುಸುಳಿದೆಯೆಂದು ಅರ್ಥ. ಬಿಳಿಯ ಹೊಗೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಚಳಿಯ ಮುಂಜಾನೆ ಕ್ಷಣಕಾಲ ಕಾಣುವ ಬಿಳುಪು ದೋಷವಲ್ಲ. ಎಂಜಿನ್ನು ಕಾದ ಮೇಲೂ ಅದು ನಿಲ್ಲದೆ, ಕಣ್ಣಿಗೆ ಉರಿ ತರುವ ಡೀಸೆಲ್ ವಾಸನೆಯಿಂದ ಕೂಡಿದ್ದರೆ ಇಂಧನ ಉರಿಯದೆಯೇ ಹೊರಗೆ ಬರುತ್ತಿದೆ; ಅದುಮಿಕೆ ಸಾಲದೆ ಇರಬಹುದು, ಇಂಧನ ತಡವಾಗಿ ಚಿಮ್ಮುತ್ತಿರಬಹುದು. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಆ ಬಿಳುಪು ನೀರಾವಿಯೇ ಆಗಿರುವ ಸಂಭವ ಹೆಚ್ಚು. ಹೊಗೆಯೇ ಇಲ್ಲದೆ ಬಲ ಮಾತ್ರ ಇಲ್ಲವಾಗುವುದೂ ಉಂಟು. ಆ ಮೌನವೂ ಒಂದು ಸಾಕ್ಷ್ಯವೇ: ಎಂಜಿನ್ನಿಗೆ ಇಂಧನ ಸಾಕಷ್ಟು ತಲಪುತ್ತಿಲ್ಲ.

ಕಪ್ಪು ಹೊಗೆ ಕಂಡವನು ಗಾಳಿಯ ದಾರಿಯನ್ನು ಹಿಡಿದು ಹೊರಡಬೇಕು. ಮಣ್ಣಿನ ರಸ್ತೆಗಳಲ್ಲಿ, ಗಣಿಗಳ ಸುತ್ತ ಓಡಾಡುವ ವಾಹನಗಳ ಏರ್ ಫಿಲ್ಟರು ಬಹುಬೇಗ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಫಿಲ್ಟರು ಕಟ್ಟಿದೆಯೆಂದು ಅದನ್ನು ತೆಗೆದೊಗೆದು ಲಾರಿ ಓಡಿಸುವವರೂ ಇದ್ದಾರೆ. ಒಂದೆರಡು ದಿನ ಎಂಜಿನ್ನು ಹುರುಪಿನಿಂದ ಎಳೆಯುತ್ತದೆ. ಒಳಹೊಕ್ಕ ಧೂಳು ಉಪ್ಪುಕಾಗದದಂತೆ ಸಿಲಿಂಡರಿನ ಗೋಡೆಯನ್ನು ತಿಕ್ಕಿ ಸವೆಸುವುದು ಆಗ ಯಾರಿಗೂ ಕಾಣುವುದಿಲ್ಲ.

ಈಗಿನ ಲಾರಿಗಳಲ್ಲಿ ಫಿಲ್ಟರಿನ ಮುಂದೆ ಟರ್ಬೋ ಇರುತ್ತದೆ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ತುಂಬುವ ಈ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ೧೯೦೫ರಲ್ಲಿಯೇ ಸ್ವಾಮ್ಯಪತ್ರ ಪಡೆದಿದ್ದನು. ಲಡಾಖಿನ ಖಾರ್ದುಂಗ್ ಲಾ ಕಣಿವೆಮಾರ್ಗ ೧೭,೫೦೦ ಅಡಿಗಳಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಅರ್ಧದ ಸಮೀಪಕ್ಕೆ ಇಳಿದಿರುತ್ತದೆ. ಟರ್ಬೋ ಇಲ್ಲದ ಎಂಜಿನ್ನು ಅಲ್ಲಿ ಯಾವ ದೋಷವೂ ಇಲ್ಲದೆಯೇ ಬಲಗುಂದುತ್ತದೆ. ಟರ್ಬೋ ಉಳ್ಳ ಎಂಜಿನ್ನು ಮೈದಾನದಲ್ಲಿಯೇ ಸೋತರೆ, ಟರ್ಬೋವಿನಿಂದ ಎಂಜಿನ್ನಿಗೆ ಬರುವ ರಬ್ಬರು ಕೊಳವೆಗಳನ್ನು ಮೊದಲು ನೋಡಬೇಕು. ಕೊಳವೆಯ ಮಡಿಕೆಯಲ್ಲಿ ಅಡಗಿದ ಸೀಳು ನಿಂತ ಲಾರಿಯಲ್ಲಿ ಮುಚ್ಚಿಕೊಂಡಿದ್ದು, ಒತ್ತಡ ಬಂದಾಗ ಬಾಯಿಬಿಡುತ್ತದೆ. ಭಾರ ಎಳೆಯುವಾಗ ಕೇಳಿಬರುವ ಬುಸುಗುಟ್ಟುವಿಕೆಯೇ ಅದನ್ನು ಹಿಡಿದುಕೊಡುತ್ತದೆ.

ಹೊಗೆಯ ನಿರ್ಗಮದಲ್ಲಿಯೂ ಒಂದು ಅಡ್ಡಿ ಇರಬಹುದು. ಘಟ್ಟವನ್ನು ಇಳಿಯುವಾಗ ಚಾಲಕನು ಎಕ್ಸಾಸ್ಟ್ ಬ್ರೇಕನ್ನು ಹಾಕುತ್ತಾನೆ. ಆಗ ಹೊಗೆಕೊಳವೆಯೊಳಗಿನ ಬಿಲ್ಲೆಯೊಂದು ಅಡ್ಡವಾಗಿ ತಿರುಗಿ ಹೊಗೆಯನ್ನು ತಡೆಹಿಡಿಯುತ್ತದೆ. ಎಂಜಿನ್ನು ಆ ಒತ್ತಡದೊಡನೆ ಸೆಣಸುತ್ತ ವಾಹನದ ವೇಗವನ್ನು ಕಡಿಮೆ ಮಾಡುತ್ತದೆ. ಮಸಿ ಹಿಡಿದ ಬಿಲ್ಲೆ ಅರ್ಧ ಮುಚ್ಚಿದಂತೆಯೇ ಸಿಕ್ಕಿಕೊಂಡರೆ, ಇಳಿದ ಲಾರಿ ಮರುದಿನ ಏರಲಾರದು. ಎಂಜಿನ್ನೊಳಗೆ ಹುಡುಕಿದವರಿಗೆ ಈ ದೋಷ ಎಂದಿಗೂ ಸಿಗುವುದಿಲ್ಲ.

ಇಂಧನದ ಕೊರತೆಗೆ, ಗ್ಯಾರೇಜುಗಳಲ್ಲಿ ಆಗಾಗ ಎದುರಾಗುವಂಥ ಒಂದು ಪ್ರಸಂಗವನ್ನು ಉದಾಹರಣೆಯಾಗಿ ನೋಡಬಹುದು. ಚಾಲಕನೊಬ್ಬನು ಲಾರಿಯನ್ನು ತಂದು ನಿಲ್ಲಿಸುತ್ತಾನೆ.

“ಮೇಸ್ತ್ರಿಗಳೇ, ಹೊರಟಾಗ ಚೆನ್ನಾಗಿಯೇ ಎಳೆಯುತ್ತದೆ. ಅರ್ಧ ಗಂಟೆ ಏರು ಹತ್ತಿದ ಮೇಲೆ ಸೋತುಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಸರಿಯಾಗುತ್ತದೆ. ಪಂಪು ಬಿಚ್ಚಬೇಕೆಂದು ಹಿಂದಿನ ಊರಿನಲ್ಲಿ ಹೇಳಿದರು.”

“ಸೋತಾಗ ಹೊಗೆ ಯಾವ ಬಣ್ಣ ಬರುತ್ತದಪ್ಪಾ?”

“ಹೊಗೆಯೇ ಇರುವುದಿಲ್ಲ, ಮೇಸ್ತ್ರಿಗಳೇ.”

ಮೇಸ್ತ್ರಿ ಪಂಪಿನ ಕಡೆಗೆ ನೋಡುವುದಿಲ್ಲ. ಲಾರಿಯನ್ನು ಮತ್ತೊಮ್ಮೆ ಏರು ಹತ್ತಿಸಿ, ಅದು ಸೋತೊಡನೆಯೇ ನಿಲ್ಲಿಸಿ, ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಮೆಲ್ಲನೆ ತಿರುಗಿಸುತ್ತಾನೆ. ಸುಯ್ಯೆಂದು ಗಾಳಿ ಒಳನುಗ್ಗುತ್ತದೆ. ಮುಚ್ಚಳವನ್ನು ಸಡಿಲವಾಗಿಟ್ಟು ಮುಂದುವರಿದಾಗ ಲಾರಿ ಉಳಿದ ಏರನ್ನು ನಿರಾಯಾಸವಾಗಿ ಹತ್ತುತ್ತದೆ. ಮುಚ್ಚಳದಲ್ಲಿ ಗಾಳಿಯಾಡಲೆಂದು ಬಿಟ್ಟಿದ್ದ ರಂಧ್ರಕ್ಕೆ ಮಳೆಗಾಲದ ಕೆಸರು ಮೆತ್ತಿಕೊಂಡು ಒಣಗಿತ್ತು.

ಕಾರಣ ಸರಳವಾದುದು. ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದು ಬಗ್ಗಿಸಿದರೆ ಎಣ್ಣೆ ತಡೆತಡೆದು ಸುರಿಯುತ್ತದೆ. ಇನ್ನೊಂದು ತೂತು ಕೊರೆದರೆ ಧಾರೆ ಸರಾಗವಾಗುತ್ತದೆ. ಡೀಸೆಲ್ಲು ಖಾಲಿಯಾದ ಎಡೆಗೆ ಗಾಳಿ ಬರದಿದ್ದುದರಿಂದ ಟ್ಯಾಂಕಿನಲ್ಲಿ ಒತ್ತಡ ಕಡಿಮೆಯಾಗುತ್ತ ಹೋಗಿ, ಪಂಪು ಎಷ್ಟು ಎಳೆದರೂ ಇಂಧನ ಸಾಲದಾಯಿತು. ಚಹಾ ಕುಡಿಯುವ ಹೊತ್ತಿನಲ್ಲಿ ಸಂದುಗಳಿಂದ ಗಾಳಿ ನಿಧಾನವಾಗಿ ನುಸುಳಿ ಒತ್ತಡ ಸಮವಾಯಿತು. ವಿಶ್ರಾಂತಿಯಿಂದ ವಾಸಿಯಾಗುವ ದೋಷವೆಂದರೆ ಬಹುಮಟ್ಟಿಗೆ ಟ್ಯಾಂಕು ಮತ್ತು ಪಂಪಿನ ನಡುವಿನದು. ಟ್ಯಾಂಕಿನೊಳಗೆ ಬಿದ್ದ ಬಟ್ಟೆಯ ಚೂರೊಂದು ಹೀರುಕೊಳವೆಯ ಬಾಯಿಗೆ ಅಂಟಿ, ಎಂಜಿನ್ನು ನಿಂತಾಗ ಕಳಚಿ ಬಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಇಂಧನದ ದಾರಿಯಲ್ಲಿ ಮುಂದೆ ಬರುವುದು ಫಿಲ್ಟರುಗಳು. ನೀರು ಸೇರಿದ್ದರೆ ಫಿಲ್ಟರಿನ ತಳದಿಂದ ಸ್ವಲ್ಪ ಡೀಸೆಲ್ಲನ್ನು ಗಾಜಿನ ಸೀಸೆಗೆ ಇಳಿಸಿ ನಿಲ್ಲಿಸಿದಾಗ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಕೊಳವೆಯ ಜೋಡಣೆ ಸಡಿಲವಾಗಿದ್ದರೆ ಡೀಸೆಲ್ಲಿನೊಡನೆ ಗಾಳಿಯ ಗುಳ್ಳೆಗಳೂ ಸೇರುತ್ತವೆ. ಪಂಪು ಒತ್ತಿದಾಗ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ನಾಜಲ್ಲನ್ನು ಮುಟ್ಟುವುದಿಲ್ಲ, ಎಂಜಿನ್ನು ತೊದಲುತ್ತದೆ. ಪಂಪಿನೊಳಗಿನ ಕಡ್ಡಿಗೂ ಅದರ ಕೊಳವೆಗೂ ನಡುವೆ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಿರಿದು. ಅಂಥ ಎಡೆಯನ್ನು ಜಾರುವಂತೆ ಇಡುವುದು ಡೀಸೆಲ್ಲೇ. ಅದಕ್ಕೆ ಸೀಮೆಎಣ್ಣೆ ಬೆರಸಿದರೆ ಜಿಡ್ಡು ಕಡಿಮೆಯಾಗಿ ಕಡ್ಡಿ ಸವೆಯುತ್ತದೆ. ಕಲಬೆರಕೆಯಿಂದ ಉಳಿಸಿದ ಹಣ ಹೀಗೆ ಪಂಪಿನ ದುರಸ್ತಿಯಲ್ಲಿ ಹಲವು ಪಟ್ಟಾಗಿ ಹೋಗುತ್ತದೆ.

ಹಲವು ಸಿಲಿಂಡರುಗಳಲ್ಲಿ ಯಾವುದು ಸೋಮಾರಿಯೆಂದು ಕಂಡುಹಿಡಿಯಲು ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಒಂದು ವಿಧಾನವಿತ್ತು. ಅಂಥ ಎಂಜಿನ್ನುಗಳಿರುವಲ್ಲಿ ಅದು ಈಗಲೂ ನಡೆಯುತ್ತದೆ. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಒಂದೊಂದು ನಾಜಲ್ಲಿಗೆ ಬರುವ ಕೊಳವೆಯ ನಟ್ಟನ್ನು ಸರದಿಯಂತೆ ಸಡಿಲಿಸುವುದು. ಚೆನ್ನಾಗಿ ದುಡಿಯುವ ಸಿಲಿಂಡರಿನ ಇಂಧನ ತಪ್ಪಿದರೆ ಎಂಜಿನ್ನಿನ ಲಯ ಕುಗ್ಗುತ್ತದೆ. ಯಾವುದನ್ನು ಸಡಿಲಿಸಿದಾಗ ಲಯ ಬದಲಾಗುವುದಿಲ್ಲವೋ ಅದು ಮೊದಲೇ ದುಡಿಯುತ್ತಿರಲಿಲ್ಲವೆಂದಾಯಿತು. ಆದರೆ ಇಂದಿನ ಎಂಜಿನ್ನುಗಳಲ್ಲಿ ಇದನ್ನು ಸರ್ವಥಾ ಮಾಡಬಾರದು. ಹಳೆಯ ನಾಜಲ್ಲು ತೆರೆಯುತ್ತಿದ್ದುದು ವಾತಾವರಣದ ಸುಮಾರು ೨೦೦ ಪಟ್ಟು ಒತ್ತಡದಲ್ಲಿ. ಈಗಿನ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ ೧,೬೦೦ ಪಟ್ಟನ್ನೂ ಮೀರಬಹುದು. ಅಷ್ಟು ರಭಸದ ಡೀಸೆಲ್ ಎಳೆ ಚರ್ಮವನ್ನು ತೂರಿ ಮಾಂಸದೊಳಗೆ ಹೊಗುತ್ತದೆ. ಮೇಲೆ ಕಾಣುವುದು ಸೂಜಿ ಚುಚ್ಚಿದಂಥ ಗುರುತು ಮಾತ್ರ. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಪ್ರಮೇಯ ಬರುತ್ತದೆ. ಇಂಥ ಗಾಯವಾದವನನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಾರಣ ಸಿಗದಾಗ ಕೆಲವರು ಹಿಡಿಯುವ ಅಡ್ಡದಾರಿಯೊಂದಿದೆ. ಪಂಪಿನ ಮೇಲಿನ ಮುದ್ರೆಯನ್ನು ಒಡೆದು, ಸ್ಕ್ರೂವನ್ನು ತಿರುಗಿಸಿ, ಇಂಧನದ ಪ್ರಮಾಣವನ್ನು ಹೆಚ್ಚಿಸುವುದು. ಗಾಳಿಯ ಕೊರತೆಯಿಂದ ಬಳಲುವ ಎಂಜಿನ್ನಿಗೆ ಇನ್ನಷ್ಟು ಇಂಧನವನ್ನು ಸುರಿಯುವುದು ಅಜೀರ್ಣವಾದವನಿಗೆ ಔತಣವಿಕ್ಕಿದಂತೆ. ಹೊಗೆ ಇನ್ನೂ ಕಪ್ಪಾಗುತ್ತದೆ, ಡೀಸೆಲ್ ವೆಚ್ಚ ಏರುತ್ತದೆ, ಉರಿಯ ಕಾವು ಮಿತಿಮೀರಿ ಕಟ್ಟಕಡೆಗೆ ಪಿಸ್ಟನ್ನಿನ ತಲೆಯೇ ಕರಗಬಹುದು. ಆ ಮಸಿಯನ್ನು ಉಸಿರಾಡುವವರು ರಸ್ತೆಬದಿಯ ಜನ.

ಗಾಳಿ, ಇಂಧನ, ನಾಜಲ್ಲು ಎಲ್ಲವೂ ಸರಿಯಿದ್ದೂ ಬಲ ಮರಳದಿದ್ದರೆ ಆಗ ಎಂಜಿನ್ನಿನ ಒಡಲನ್ನು ಶಂಕಿಸುವುದು ನ್ಯಾಯ. ಅಲ್ಲಿಯೂ ಮೊದಲು ಕವಾಟಗಳ ಟ್ಯಾಪೆಟ್ ಅಂತರವನ್ನೂ ಇಂಧನ ಚಿಮ್ಮುವ ಸಮಯವನ್ನೂ ಅಳೆಯಬೇಕು. ಸವೆತಕ್ಕೆ ತನ್ನದೇ ಗುರುತುಗಳುಂಟು. ಬೆಳಿಗ್ಗೆ ಎಂಜಿನ್ನು ಸುಲಭವಾಗಿ ಹೊರಡುವುದಿಲ್ಲ. ಆಯಿಲ್ಲು ಬೇಗ ಬತ್ತುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತೆಗೆದರೆ ಹೊಗೆ ಪುಸಪುಸನೆ ಹೊಮ್ಮುತ್ತದೆ. ಒತ್ತಡಮಾಪಕವನ್ನು ಒಂದೊಂದು ಸಿಲಿಂಡರಿಗೂ ಜೋಡಿಸಿ ಅದುಮಿಕೆಯನ್ನು ಅಳೆದಾಗ ಸಂದೇಹ ನಿವಾರಣೆಯಾಗುತ್ತದೆ. ಎಲ್ಲ ಸಿಲಿಂಡರುಗಳೂ ಸಮನಾಗಿ ಕುಗ್ಗಿದ್ದರೆ ರಿಂಗು ಮತ್ತು ಗೋಡೆಗಳ ಸವೆತ. ಒಂದು ಮಾತ್ರ ಕುಗ್ಗಿದ್ದರೆ ಅದರ ಕವಾಟವೋ ಪಿಸ್ಟನ್ನೋ ಕೆಟ್ಟಿರಬಹುದು. ಅಕ್ಕಪಕ್ಕದ ಎರಡು ಕುಗ್ಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ಟು ಒಡೆದಿರುವ ಸಂಭವವೇ ಹೆಚ್ಚು. ಈ ಅಳತೆಗಳನ್ನು ಕೈಯಲ್ಲಿ ಹಿಡಿದುಕೊಂಡು ಎಂಜಿನ್ನನ್ನು ಬಿಚ್ಚಿದವನಿಗೆ ಒಳಗೆ ಏನು ಕಾಣಲಿದೆಯೆಂಬುದು ಮೊದಲೇ ತಿಳಿದಿರುತ್ತದೆ.

ಭಾರತದಲ್ಲಿ ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ಎಂಬ ಮಾಲಿನ್ಯ ನಿಯಮಗಳು ಜಾರಿಗೆ ಬಂದ ಮೇಲೆ ಎಂಜಿನ್ನಿನೊಂದಿಗೆ ಒಂದು ಪುಟ್ಟ ಕಂಪ್ಯೂಟರು ಅನಿವಾರ್ಯವಾಗಿ ಸೇರಿದೆ. ಮಸಿಯನ್ನು ಹಿಡಿಯುವ ಶೋಧಕ ತುಂಬಿಹೋದರೆ, ಅಥವಾ ಹೊಗೆಯ ವಿಷಾನಿಲವನ್ನು ತಗ್ಗಿಸಲು ಚಿಮುಕಿಸುವ ಯೂರಿಯಾ ದ್ರಾವಣ ಮುಗಿದರೆ, ಕಂಪ್ಯೂಟರು ತಾನೇ ಎಂಜಿನ್ನಿನ ಬಲವನ್ನು ಮೊಟಕುಗೊಳಿಸುತ್ತದೆ. ಅಲ್ಲಿ ಎಂಜಿನ್ನು ಆರೋಗ್ಯವಾಗಿದ್ದೂ ಅದರ ಕೈ ಕಟ್ಟಿರುತ್ತದೆ. ದೋಷಗಳನ್ನು ಕಂಪ್ಯೂಟರು ಸಂಕೇತಗಳಾಗಿ ದಾಖಲಿಸಿಡುತ್ತದೆ. ಉಪಕರಣವೊಂದನ್ನು ಜೋಡಿಸಿ ಅವುಗಳನ್ನು ಓದಬಹುದು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಸಂಕೇತ ತಿಳಿಸುವುದು ಎಲ್ಲಿ ಏನು ಕಡಿಮೆಯಾಗಿದೆಯೆಂಬುದನ್ನು, ಏಕೆಂಬುದನ್ನಲ್ಲ. “ಇಂಧನದ ಒತ್ತಡ ಸಾಲದು” ಎಂಬ ಸಂಕೇತ ಕಂಡೊಡನೆ ಬೆಲೆಬಾಳುವ ಹೊಸ ಪಂಪನ್ನು ತರಿಸುವವರುಂಟು. ಕೆಲಸ ಬಲ್ಲವನು ಅದಕ್ಕೆ ಮೊದಲು ಡೀಸೆಲ್ ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ, ಸೀಸೆಯಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತಾನೆ, ಟ್ಯಾಂಕಿನ ಮುಚ್ಚಳವನ್ನೊಮ್ಮೆ ತಿರುಗಿಸಿ ಕಿವಿಗೊಡುತ್ತಾನೆ.